ಓಪನ್ ಸೋರ್ಸ್ ಡಾಕ್ಸ್‌ಗೆ ಕೈ ಹಚ್ಚುವ ಮುನ್ನ

(ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಮತ್ತು ಬಿಸಿಎ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಗದಗ, ಹಾವೇರಿಯಿಂದ ಬಂದವರೂ ಇದ್ದರು. ಆಜ್ಞೆಗಳನ್ನು ಇಲ್ಲಿ ಉಚ್ಚರಿಸಿದ ಹಾಗೆ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ಸಭೆಯಿಂದ ಬಂದ ಮೂರು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದೆ.)

"ಕೋಡ್ ಬರೂದಿಲ್ಲೇನು? ಹಂಗಾದ್ರ ಡಾಕ್ಸ್‌ನಿಂದ ಶುರು ಮಾಡು." ಡಾಕ್ಸ್ ಎಂದರೆ ಡಾಕ್ಯುಮೆಂಟೇಶನ್, ಸಾಫ್ಟ್‌ವೇರ್ ಹಾಕುವ, ಬಳಸುವ ಬಗೆ ಹೇಳುವ ಪುಟಗಳು. ಓಪನ್ ಸೋರ್ಸ್‌ಗೆ, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಪ್ರಾಜೆಕ್ಟ್‌ಗಳಿಗೆ, ಕೈಜೋಡಿಸಲು ಬರುವ ಹೊಸಬರಿಗೆ ಕೊಡುವ ಈ ಸಲಹೆಯನ್ನು ನಿಮ್ಮಲ್ಲಿ ಬಹಳ ಮಂದಿ ಕೇಳಿರುತ್ತೀರಿ. ಅದು ಅರ್ಧ ಸರಿ, ಅರ್ಧ ತಪ್ಪು. ಸರಿ ಯಾಕೆಂದರೆ ಕೆಲಸ ಬೇಕಾದಷ್ಟು ಬಿದ್ದಿದೆ. ಇಂಥ ಪ್ರಾಜೆಕ್ಟ್‌ಗಳ ಕೋಡ್ ಇಡುವ ತಾಣ ಗಿಟ್‌ಹಬ್ 2017ರಲ್ಲಿ ನಡೆಸಿದ ಓಪನ್ ಸೋರ್ಸ್ ಸಮೀಕ್ಷೆಯಲ್ಲಿ ಶೇ. 93 ಮಂದಿ ಡಾಕ್ಯುಮೆಂಟೇಶನ್ ಅಪೂರ್ಣವಾಗಿದೆ ಇಲ್ಲವೇ ಹಳತಾಗಿದೆ ಎಂಬ ತೊಂದರೆ ಕಂಡಿದ್ದೇವೆ ಎಂದಿದ್ದರು. ಅದೇ ಸಮೀಕ್ಷೆಯಲ್ಲಿ, ಪ್ರಾಜೆಕ್ಟ್‌ಗಳಿಗೆ ಕೆಲಸ ಮಾಡುವವರ ಪೈಕಿ ಶೇ. 60 ಮಂದಿ ಡಾಕ್ಸ್ ಕಡೆ ಅಪರೂಪಕ್ಕೆ ತಲೆ ಹಾಕುತ್ತೇವೆ ಅಥವಾ ಹಾಕುವುದೇ ಇಲ್ಲ ಎಂದಿದ್ದರು. ಎಡವುವವರು ಎಲ್ಲರೂ, ಕಲ್ಲು ತೆಗೆಯುವವರು ಕೆಲವರು.

ತಪ್ಪು ಯಾಕೆಂದರೆ, ಆ ಸಲಹೆ ಕೊಡುವವರು ಡಾಕ್ಸ್ ಅಂದರೆ ಏನು ಬರೆದರೂ ನಡೆಯುತ್ತದೆ ಎಂಬ ಭಾವನೆಯನ್ನೂ ಜೊತೆಗೇ ದಾಟಿಸಿಬಿಡುತ್ತಾರೆ. ಅದರ ಫಲ 2020ರ ಅಕ್ಟೋಬರ್‌ನಲ್ಲಿ ಕಂಡಿತು. ಓಪನ್ ಸೋರ್ಸ್‌ಗೆ ಜನರನ್ನು ಸೆಳೆಯಲು ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ (ನನ್ನ ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದರೆ ಟೀ ಶರ್ಟ್ ಸಿಗುತ್ತಿತ್ತು. ಒಂದು ವಿಡಿಯೋದಲ್ಲಿ ತೋರಿಸಿದ ಮಾದರಿ ಹಿಡಿದು, ಕಂಡಕಂಡ ಪ್ರಾಜೆಕ್ಟ್‌ಗಳ ರೀಡ್‌ಮೀ ಫೈಲ್‌ಗೆ (ಪ್ರಾಜೆಕ್ಟಿನ ಪರಿಚಯ ಪುಟ) "ಅಮೇಜಿಂಗ್ ಪ್ರಾಜೆಕ್ಟ್" ಎಂದು ಸೇರಿಸಿ ಕಳಿಸಿದವರ ಪ್ರವಾಹವೇ ಬಂತು. ತಿಂಗಳ ಮೊದಲ ವಾರದಲ್ಲೇ ಸಂಘಟಕರು ನಿಯಮ ಬದಲಿಸಿ, ತಾವಾಗಿ ಒಪ್ಪಿಗೆ ಸೂಚಿಸಿದ ಪ್ರಾಜೆಕ್ಟ್‌ಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. ಆಮೇಲೂ ನಿಲ್ಲಲಿಲ್ಲ. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಜೆಎಸ್ ಎಂಬ ವೆಬ್ ಸಾಧನದ ರೀಡ್‌ಮೀಗೆ ತಮ್ಮ ಹೆಸರು ಸೇರಿಸುವ ಪುಲ್ ರಿಕ್ವೆಸ್ಟ್‌ಗಳು ಸಾಲುಗಟ್ಟಿದವು. ಅದಕ್ಕೂ ಒಂದು ವಿಡಿಯೋ ಪಾಠವೇ ಮೂಲ. ಪ್ರತಿಯೊಂದನ್ನೂ ಯಾರೋ ತೆರೆದು ಓದಿ ಮುಚ್ಚಬೇಕು, ಸಂಬಳವಿಲ್ಲದೆ. ಇಂಥ ಕಡೆ ಕಡಿಮೆ ಇರುವುದು ಬರೆಯುವ ಕೈಗಳಲ್ಲ, ಪರಿಶೀಲಿಸುವ ಕಣ್ಣುಗಳು. ಹೀಗಾಗಿ ನೀವು ಕಳಿಸುವ ಬದಲಾವಣೆ ಐದು ನಿಮಿಷದಲ್ಲಿ ಪರಿಶೀಲಿಸಿ ಮುಗಿಸುವಂತಿರಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತದೆ.

ಹೊಸಬರ ಕಣ್ಣು

ಡಾಕ್ಸ್ ತಿದ್ದುವುದು ಬರವಣಿಗೆಗಿಂತ ಹೆಚ್ಚಾಗಿ ಪರೀಕ್ಷೆಯ ಕೆಲಸ. ಪುಟದಲ್ಲಿ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರೆ ಹೇಳಿದ ಫಲ ಬರುತ್ತದೋ ಇಲ್ಲವೋ, ಇಷ್ಟೇ ಪ್ರಶ್ನೆ. ಊರಿನವರಿಗೆ ದಾರಿಯ ಬೋರ್ಡ್ ಬೇಕು ಅನಿಸುವುದಿಲ್ಲವಲ್ಲ, ಹಾಗೆ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್‌ಗೆ ಬಿಟ್ಟುಹೋದ ಹೆಜ್ಜೆ ಕಾಣುವುದಿಲ್ಲ. ಅವರ ಯಂತ್ರದಲ್ಲಿ ಬೇಕಾದದ್ದೆಲ್ಲ ವರ್ಷಗಳ ಹಿಂದೆಯೇ ಕೂತಿರುತ್ತದೆ. ನಿಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ನಿನ್ನೆ ಫಾರ್ಮ್ಯಾಟ್ ಮಾಡಿದ ಯಂತ್ರ ಇದೆಯಲ್ಲ, ಈ ಕೆಲಸಕ್ಕೆ ಅದರಂಥ ಸಾಧನ ಇನ್ನೊಂದಿಲ್ಲ. ಅದೂ ಸಿಗದಿದ್ದರೆ, ಯಂತ್ರದೊಳಗೇ ಇನ್ನೊಂದು ಯಂತ್ರ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಹೊಸ ಉಬುಂಟು ಹಾಕಿ.

ಒಂದು ನಿಜವಾದ ಉದಾಹರಣೆ ಹಿಡಿಯೋಣ. ಪೈಥಾನ್‌ನಲ್ಲಿ ಬರೆದ ಎಷ್ಟೋ ಸಣ್ಣ ಪ್ರಾಜೆಕ್ಟ್‌ಗಳ ಇನ್‌ಸ್ಟಾಲ್ ಪುಟದಲ್ಲಿ ಇವತ್ತಿಗೂ ಒಂದೇ ಸಾಲು ಇರುತ್ತದೆ: ಪಿಪ್ ಇನ್‌ಸ್ಟಾಲ್, ಮುಂದೆ ಪ್ರಾಜೆಕ್ಟ್ ಹೆಸರು. ಪಿಪ್ ಎಂದರೆ ಪೈಥಾನ್ ಪ್ಯಾಕೇಜು ಇಳಿಸಿ ಹಾಕುವ ಸಾಧನ. ಉಬುಂಟು 24.04ರಲ್ಲೋ ಡೆಬಿಯನ್ 12ರಲ್ಲೋ ಪಿಪ್ ಹಾಕಿಕೊಂಡು ಆ ಸಾಲು ಹೊಡೆಯಿರಿ. "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್ಮೆಂಟ್" ಎಂಬ ಎರರ್ ಬರುತ್ತದೆ. ಕಾರಣ ಇಷ್ಟು: ಆ ಸಿಸ್ಟಂನ ಪೈಥಾನ್ ಪ್ಯಾಕೇಜುಗಳನ್ನು ನೋಡಿಕೊಳ್ಳುವುದು ಸಿಸ್ಟಂನ ಸ್ವಂತ ಇನ್‌ಸ್ಟಾಲರ್ ಏಪಿಟಿ. ಪಿಪ್ ಹೋಗಿ ಅದೇ ಜಾಗದಲ್ಲಿ ಕೈಯಾಡಿಸಿದರೆ ಸಿಸ್ಟಂನ ಸ್ವಂತ ಸಾಧನಗಳೇ ಮುರಿಯಬಹುದು. ಇದನ್ನು ತಡೆಯಲು ಪೈಥಾನ್ ಸಮುದಾಯ ಪೆಪ್ 668 ಎಂಬ ನಿಯಮ ಮಾಡಿತು, ಡೆಬಿಯನ್ ಮತ್ತು ಉಬುಂಟು ಅದನ್ನು ಜಾರಿಗೆ ತಂದವು. ಪ್ರಾಜೆಕ್ಟ್ ಬರೆದವರ ಯಂತ್ರದಲ್ಲಿ ವರ್ಚುವಲ್ ಎನ್ವಿರಾನ್ಮೆಂಟ್ (ಒಂದು ಪ್ರಾಜೆಕ್ಟಿಗಷ್ಟೇ ಮೀಸಲಾದ ಪೈಥಾನ್ ಫೋಲ್ಡರ್) ಸದಾ ಚಾಲೂ ಇರುವುದರಿಂದ ಅವರಿಗೆ ಈ ಎರರ್ ಕಾಣಿಸಿಯೇ ಇರುವುದಿಲ್ಲ.

ಇಲ್ಲಿ ಹೊಸಬರು ಎರಡು ದಾರಿ ಹಿಡಿಯುತ್ತಾರೆ. ಎರರ್‌ನ ಕೊನೆಯಲ್ಲೇ "ಬ್ರೇಕ್ ಸಿಸ್ಟಂ ಪ್ಯಾಕೇಜಸ್" ಎಂಬ ಆಯ್ಕೆ ಕಾಣುತ್ತದೆ. ಅದನ್ನು ಸೇರಿಸಿದರೆ ಇನ್‌ಸ್ಟಾಲ್ ಆಗುತ್ತದೆ. ಅದನ್ನೇ ಡಾಕ್ಸ್‌ಗೆ ಬರೆದು ಕಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಆ ಆಯ್ಕೆಯ ಹೆಸರೇ ಎಚ್ಚರಿಕೆ. ಸರಿಯಾದ ತಿದ್ದುಪಡಿ ಮೂರು ಸಾಲು. ಪೈಥಾನ್3 ಮೈನಸ್ ಎಂ ವಿಎನ್‌ವಿ ಡಾಟ್‌ವಿಎನ್‌ವಿ ಎಂದು (ವಿಎನ್‌ವಿಯ ಅಕ್ಷರಗಳು ವಿ, ಇ, ಎನ್, ವಿ) ಹೊಸ ಎನ್ವಿರಾನ್ಮೆಂಟ್ ಮಾಡುವುದು. ಅದರ ಬಿನ್ ಫೋಲ್ಡರಿನ ಆಕ್ಟಿವೇಟ್ ಫೈಲನ್ನು ಸೋರ್ಸ್ ಎಂಬ ಆಜ್ಞೆಯಿಂದ ಚಾಲೂ ಮಾಡುವುದು. ಆಮೇಲೆ ಪಿಪ್ ಇನ್‌ಸ್ಟಾಲ್.

ಮೂರು ಸಾಲು ಬರೆದಾದ ಮೇಲೆ ಅವನ್ನೂ ಹೊಸ ಯಂತ್ರದಲ್ಲಿ ಹೊಡೆಯಬೇಕು. ಆಗ ಇನ್ನೊಂದು ಎರರ್ ಸಿಗುತ್ತದೆ: "ಎನ್ಶೂರ್‌ಪಿಪ್ ಈಸ್ ನಾಟ್ ಅವೈಲೇಬಲ್". ಡೆಬಿಯನ್, ಉಬುಂಟುಗಳಲ್ಲಿ ವಿಎನ್‌ವಿ ಪ್ಯಾಕೇಜನ್ನು ಏಪಿಟಿಯಿಂದ ಬೇರೆಯಾಗಿ ಹಾಕಿಕೊಳ್ಳಬೇಕು. ವಿಂಡೋಸ್‌ನಲ್ಲಿ ಬಿನ್ ಫೋಲ್ಡರ್ ಇರುವುದಿಲ್ಲ, ಸ್ಕ್ರಿಪ್ಟ್ಸ್ ಇರುತ್ತದೆ; ಪವರ್‌ಶೆಲ್‌ನಲ್ಲಿ ಆಕ್ಟಿವೇಟ್ ಮಾಡಹೋದರೆ "ರನ್ನಿಂಗ್ ಸ್ಕ್ರಿಪ್ಟ್ಸ್ ಈಸ್ ಡಿಸೇಬಲ್ಡ್" ಎನ್ನುತ್ತದೆ, ಯಾಕೆಂದರೆ ಅಲ್ಲಿ ಸ್ಕ್ರಿಪ್ಟ್ ಓಡಿಸುವ ಅನುಮತಿ ಮೊದಲಿಗೆ ಮುಚ್ಚಿರುತ್ತದೆ. ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಆ ತೊಂದರೆ ಇಲ್ಲ. ಇದೆಲ್ಲವನ್ನೂ ಇನ್‌ಸ್ಟಾಲ್ ಪುಟಕ್ಕೆ ತುಂಬಬೇಕೆ? ಬೇಡ. ಉಬುಂಟುವಿನ ಒಂದು ಸಾಲು, ವಿಂಡೋಸ್‌ನ ಒಂದು ಸಾಲು, ಉಳಿದದ್ದಕ್ಕೆ ಪೈಥಾನ್‌ನ ಅಧಿಕೃತ ವಿಎನ್‌ವಿ ಪುಟದ ಕೊಂಡಿ. ಅವರವರ ಪುಟವನ್ನು ಅವರವರು ಸರಿಯಾಗಿಟ್ಟುಕೊಳ್ಳುತ್ತಾರೆ. ನೀವು ನಕಲು ಮಾಡಿಟ್ಟದ್ದು ಮುಂದಿನ ವರ್ಷ ಹಳಸುತ್ತದೆ.

ಎಡವಿದ ಕೂಡಲೇ ಬರೆದಿಡಿ. ದಾಟಿದ ಮೇಲೆ ಎಡವಿದ್ದೇ ಮರೆತುಹೋಗುತ್ತದೆ, ಇದು ಹೊಸಬರ ಆಸ್ತಿ ಕರಗುವ ಬಗೆ. ಪುಟದ ವಿಳಾಸ, ಸಾಫ್ಟ್‌ವೇರಿನ ಆವೃತ್ತಿ, ಆಪರೇಟಿಂಗ್ ಸಿಸ್ಟಂ ಮತ್ತು ಅದರ ಆವೃತ್ತಿ, ಹೊಡೆದ ಆಜ್ಞೆ, ಬಂದ ಎರರ್ ಅಕ್ಷರ ಬಿಡದಂತೆ, ದಾಟಿದ್ದು ಹೇಗೆ. ಎರರ್ ಅನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಹಾಕಬೇಡಿ. ಫೋಟೋದೊಳಗಿನ ಅಕ್ಷರ ಹುಡುಕಿದರೆ ಸಿಗುವುದಿಲ್ಲ. ನಾಳೆ ಅದೇ ಎರರ್‌ನಲ್ಲಿ ಸಿಕ್ಕಿಕೊಂಡವರಿಗೆ ನಿಮ್ಮ ಇಶ್ಯೂ (ಗಿಟ್‌ಹಬ್‌ನಲ್ಲಿ ತೊಂದರೆ ಬರೆದು ಹಾಕಿದ ದೂರು) ಕಾಣಿಸುವುದೂ ಇಲ್ಲ.

ತಪ್ಪು ನಿಜವಾಗಿ ಇನ್ನೂ ಇದೆಯೇ, ಇದ್ದರೆ ಎಲ್ಲಿದೆ

ಗೂಗಲ್‌ನಲ್ಲಿ ಹುಡುಕಿದಾಗ ಹಳೆಯ ಆವೃತ್ತಿಯ ಪುಟ ಮೇಲೆ ಬರುವುದು ಸಾಮಾನ್ಯ. ಡಾಕ್ಸ್ ಇಡುವ ತಾಣ ರೀಡ್ ದ ಡಾಕ್ಸ್‌ನಲ್ಲಿರುವ ಪುಟವಾದರೆ ವಿಳಾಸದಲ್ಲೇ ಸ್ಟೇಬಲ್, ಲೇಟೆಸ್ಟ್ ಅಥವಾ ಒಂದು ಸಂಖ್ಯೆ ಇರುತ್ತದೆ. ಸ್ಟೇಬಲ್ ಎಂದರೆ ಕೊನೆಗೆ ಬಿಡುಗಡೆಯಾದದ್ದು, ಲೇಟೆಸ್ಟ್ ಎಂದರೆ ಸಾಮಾನ್ಯವಾಗಿ ಮುಖ್ಯ ಬ್ರಾಂಚಿನಲ್ಲಿ (ಕೋಡ್ ಬೆಳೆಯುವ ಮುಖ್ಯ ಕವಲಿನಲ್ಲಿ) ಈಗ ಇರುವುದು. ನೀವು ಕಂಡ ತಪ್ಪು ಲೇಟೆಸ್ಟ್‌ನಲ್ಲಿ ಈಗಾಗಲೇ ಸರಿಯಾಗಿದ್ದರೆ ಪುಲ್ ರಿಕ್ವೆಸ್ಟ್‌ಗೆ ಅರ್ಥವಿಲ್ಲ. ಆಮೇಲೆ ಇಶ್ಯೂ ಪಟ್ಟಿಯಲ್ಲಿ ಹುಡುಕಿ, ಮುಚ್ಚಿದವನ್ನೂ ಸೇರಿಸಿ. ಕೆಲವೊಮ್ಮೆ "ಇದು ಬೇಕಂತಲೇ ಹೀಗಿದೆ" ಎಂಬ ಚರ್ಚೆ ಅಲ್ಲಿ ನಡೆದು ಮುಗಿದಿರುತ್ತದೆ.

ಮೂಲ ಫೈಲ್ ಎಲ್ಲಿದೆ ಎಂಬುದು ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ಬೇರೆ. ಪೈಥಾನ್‌ನ ಡಾಕ್ಸ್ ಸಿಪೈಥಾನ್ (ಪೈಥಾನ್‌ನ ಮೂಲ ಪ್ರಾಜೆಕ್ಟ್) ಕೋಡ್ ಇರುವ ರೆಪೊದಲ್ಲೇ (ಪ್ರಾಜೆಕ್ಟಿನ ಫೈಲ್‌ಗಳ ಭಂಡಾರ) ಡಾಕ್ ಎಂಬ ಫೋಲ್ಡರಿನಲ್ಲಿದೆ. ಸರ್ವರ್‌ಗಳಲ್ಲಿ ಕಂಟೇನರ್ ನಡೆಸುವ ಕುಬರ್ನೆಟಿಸ್‌ನದು ವೆಬ್‌ಸೈಟ್ ಎಂಬ ಬೇರೆ ರೆಪೊ. ವೆಬ್ ತಂತ್ರಜ್ಞಾನದ ಕೈಪಿಡಿ ಎಂಡಿಎನ್ 2020ರ ಕೊನೆಯವರೆಗೆ ವಿಕಿಯಾಗಿತ್ತು, ಈಗ ಗಿಟ್‌ಹಬ್‌ನಲ್ಲಿ ಕಂಟೆಂಟ್ ಎಂಬ ರೆಪೊ. ಸಿವಿಲ್ ವಿಭಾಗದವರು ಬಳಸುವ ನಕ್ಷೆ ಸಾಫ್ಟ್‌ವೇರ್ ಕ್ಯೂಜಿಐಎಸ್‌ಗೆ ಡಾಕ್ಸ್ ರೆಪೊ ಬೇರೆಯೇ ಇದೆ. ಡಾಕ್ಸ್ ಬೇಕೆಂದು ಗುರುತು ಹಾಕಿದ ಹೊಸ ಸೌಲಭ್ಯ ಕೋಡ್‌ಗೆ ಸೇರಿದಾಗ "ಇದನ್ನು ಬರೆಯಬೇಕು" ಎಂಬ ಇಶ್ಯೂ ಅಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ. ಕೆಲಸ ಹುಡುಕುವವರಿಗೆ ಅದಕ್ಕಿಂತ ಒಳ್ಳೆಯ ಪಟ್ಟಿ ಸಿಗದು.

ಪುಟದ ಮೂಲೆಯಲ್ಲಿ "ಎಡಿಟ್ ದಿಸ್ ಪೇಜ್" ಇದ್ದರೆ ಅದು ಸರಿಯಾದ ಫೈಲ್‌ಗೇ ಒಯ್ಯುತ್ತದೆ. ಇಲ್ಲದಿದ್ದರೆ ಪುಟದ ಒಂದು ವಿಚಿತ್ರ ವಾಕ್ಯವನ್ನು ರೆಪೊದಲ್ಲಿ ಹುಡುಕಿ. ಬಿಲ್ಡ್ ಫೋಲ್ಡರಿನ ಎಚ್‌ಟಿಎಂಎಲ್ ಫೈಲನ್ನೋ ಜಿಎಚ್ ಪೇಜಸ್ ಬ್ರಾಂಚನ್ನೋ ತಿದ್ದಿ ಕಳಿಸುವುದು ಹೊಸಬರು ಮಾಡುವ ದೊಡ್ಡ ತಪ್ಪು. ಅವು ಯಂತ್ರ ತಯಾರಿಸಿದ ಫೈಲ್‌ಗಳು, ಮುಂದಿನ ಬಿಲ್ಡ್‌ನಲ್ಲಿ (ಮೂಲ ಫೈಲಿನಿಂದ ಪುಟ ತಯಾರಿಸುವಾಗ) ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ಫಂಕ್ಷನ್‌ಗಳ ವಿವರಣೆಯ ಪುಟಗಳು ಎಷ್ಟೋ ಸಲ ಕೋಡ್‌ನೊಳಗೇ ಬರೆದ ವಿವರಣೆಯಿಂದ, ಅಂದರೆ ಡಾಕ್‌ಸ್ಟ್ರಿಂಗ್‌ನಿಂದ ಬರುತ್ತವೆ. ಕರ್ಲ್ ಎಂಬ ಡೌನ್‌ಲೋಡ್ ಸಾಧನದ ಉದ್ದನೆಯ ಮ್ಯಾನ್ ಪೇಜ್ (ಟರ್ಮಿನಲ್ ಕೈಪಿಡಿ) ಒಂದೇ ಫೈಲಲ್ಲ. ಒಂದೊಂದು ಆಯ್ಕೆಗೂ ಒಂದೊಂದು ಸಣ್ಣ ಫೈಲ್ ಇದ್ದು ಎಲ್ಲ ಸೇರಿ ಆ ಪುಟವಾಗುತ್ತದೆ.

ಕೊಡುಗೆಯ ನಿಯಮ ಹೇಳುವ ಕಾಂಟ್ರಿಬ್ಯೂಟಿಂಗ್ ಫೈಲನ್ನು ಪೂರ್ತಿ ಓದಿ ಎಂದು ಎಲ್ಲರೂ ಹೇಳುತ್ತಾರೆ, ಯಾರೂ ಓದುವುದಿಲ್ಲ. ಕನಿಷ್ಠ ಇಷ್ಟನ್ನಾದರೂ ಅದರಲ್ಲಿ ಹುಡುಕಿ: ಮೊದಲು ಇಶ್ಯೂ ತೆರೆಯಬೇಕೇ (ಸಿಪೈಥಾನ್‌ನಲ್ಲಿ ಕಾಗುಣಿತದಂಥ ಸಣ್ಣ ತಿದ್ದುಪಡಿಗೆ ಬೇಕಿಲ್ಲ), ಒಪ್ಪಂದಕ್ಕೆ ಸಹಿ ಹಾಕಬೇಕೇ, ಎಐ ಬರಹದ ಬಗ್ಗೆ ನಿಯಮವಿದೆಯೇ. ಕುಬರ್ನೆಟಿಸ್ ಸಿಎಲ್‌ಎ (ಕೊಡುಗೆದಾರರ ಒಪ್ಪಂದ) ಕೇಳುತ್ತದೆ. ಲಿನಕ್ಸ್ ಕರ್ನಲ್‌ಗೆ ಪ್ರತಿ ಕಮಿಟ್‌ನಲ್ಲೂ (ದಾಖಲಿಸಿದ ಒಂದೊಂದು ಬದಲಾವಣೆಯಲ್ಲೂ) "ಸೈನ್ಡ್ ಆಫ್ ಬೈ" ಸಾಲು ಬೇಕು. 2004ರಲ್ಲಿ ಬಂದ ಪದ್ಧತಿ ಅದು, ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಗಿಟ್ ಕಮಿಟ್ ಮುಂದೆ ಮೈನಸ್ ಸಣ್ಣ ಎಸ್ ಸೇರಿಸಿದರೆ ತಾನೇ ಬೀಳುತ್ತದೆ. ಜೆಂಟೂ ಎಂಬ ಲಿನಕ್ಸ್ ಪ್ರಾಜೆಕ್ಟ್ 2024ರ ಏಪ್ರಿಲ್‌ನಲ್ಲಿ ಎಐ ಸಾಧನಗಳಿಂದ ಬರೆಸಿದ ಕೊಡುಗೆಯನ್ನೇ ನಿಷೇಧಿಸಿತು. ನಿಷೇಧವಿಲ್ಲದ ಕಡೆಯೂ ಡಾಕ್ಸ್‌ನಲ್ಲಿ ಅದರ ಅಪಾಯ ಹೆಚ್ಚು, ಯಾಕೆಂದರೆ ಇಲ್ಲದ ಆಯ್ಕೆಯನ್ನು ಇದ್ದಂತೆ ಚೆಂದದ ಇಂಗ್ಲಿಷಿನಲ್ಲಿ ಬರೆದುಕೊಡುತ್ತದೆ. ನೀವೇ ಹೊಡೆದು ನೋಡದ ಆಜ್ಞೆ ಪುಟಕ್ಕೆ ಹೋಗಬಾರದು, ಬರೆದವರು ಯಾರೇ ಇರಲಿ. ಹಾಗೆಯೇ ಸ್ಟ್ಯಾಕ್ ಓವರ್‌ಫ್ಲೋದ ಉತ್ತರವನ್ನು ಎತ್ತಿ ಅಂಟಿಸಬೇಡಿ. ಅಲ್ಲಿನ ಬರಹ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ, ಪ್ರಾಜೆಕ್ಟಿನ ಪರವಾನಗಿಗೆ ಅದು ಹೊಂದದಿರಬಹುದು.

ಲ್ಯಾಬ್ ಯಂತ್ರದ ಒಂದು ವಿಶೇಷ ತೊಂದರೆ ಹೇಳಿಬಿಡುತ್ತೇನೆ. ಅದರ ಗಿಟ್ ಕಾನ್ಫಿಗ್‌ನಲ್ಲಿ ಹಿಂದಿನ ಬ್ಯಾಚಿನ ಯಾರದೋ ಹೆಸರು, ಇಮೇಲ್ ಕೂತಿರುತ್ತದೆ. ನೀವು ಕಮಿಟ್ ಮಾಡಿದರೆ ಅವರ ಹೆಸರಿನಲ್ಲಿ ಹೋಗುತ್ತದೆ. ಸಹಿ ಪರೀಕ್ಷಿಸುವ ಬಾಟ್ ನೋಡುವುದು ಕಮಿಟ್‌ನ ಇಮೇಲನ್ನು, ಹೀಗಾಗಿ ನೀವು ಸಿಎಲ್‌ಎಗೆ ಸಹಿ ಹಾಕಿದ್ದರೂ "ಸಹಿ ಇಲ್ಲ" ಎನ್ನುತ್ತಲೇ ಇರುತ್ತದೆ. ರೆಪೊದೊಳಗೆ ನಿಂತು, ಗ್ಲೋಬಲ್ ಎಂಬ ಪದ ಸೇರಿಸದೆ, ಯೂಸರ್ ನೇಮ್ ಮತ್ತು ಯೂಸರ್ ಇಮೇಲ್ ಎರಡನ್ನೂ ಕೊಡಿ. ಆ ರೆಪೊಗೆ ಮಾತ್ರ ಅದು ಅನ್ವಯಿಸುತ್ತದೆ.

ತಿದ್ದುವ ಹೊತ್ತು

ಒಂದೇ ಫೈಲಿನ ನಾಲ್ಕು ಸಾಲಾದರೆ ಗಿಟ್‌ಹಬ್ ಪುಟದ ಪೆನ್ಸಿಲ್ ಗುರುತೇ ಸಾಕು. ಫೋರ್ಕ್ (ನಿಮ್ಮ ಖಾತೆಯಲ್ಲಿ ರೆಪೊದ ನಕಲು), ಬ್ರಾಂಚ್ ಎಲ್ಲ ಅದೇ ಮಾಡಿಕೊಳ್ಳುತ್ತದೆ. ಬಿಲ್ಡ್ ಮಾಡಿ ನೋಡಬೇಕಾದ ಬದಲಾವಣೆಗೆ ಕ್ಲೋನ್ ಬೇಕು, ಅಂದರೆ ರೆಪೊವನ್ನು ನಿಮ್ಮ ಯಂತ್ರಕ್ಕೆ ಇಳಿಸಿಕೊಳ್ಳಬೇಕು. ಮೊಬೈಲ್ ಡೇಟಾದಲ್ಲಿ ಸಿಪೈಥಾನ್‌ನಂಥ ಹಳೆಯ ರೆಪೊ ಇಡಿಯಾಗಿ ಇಳಿಸಲು ಹೋದರೆ ದಿನದ ಕೋಟಾ ಅಲ್ಲಿಗೇ ಖಾಲಿ. ಡೆಪ್ತ್ 1 ಎಂದು ಕೊಟ್ಟರೆ ಕೊನೆಯ ಕಮಿಟ್ ಮಾತ್ರ ಬರುತ್ತದೆ, ಹಗುರ. ಆದರೆ ಇತಿಹಾಸ ಇಲ್ಲದ್ದರಿಂದ ಮುಂದೆ ರೀಬೇಸ್ ಮಾಡುವಾಗ (ನಿಮ್ಮ ಬದಲಾವಣೆಯನ್ನು ಹೊಸ ಕೋಡ್ ಮೇಲೆ ಕೂರಿಸುವಾಗ) ತೊಡಕಾಗುತ್ತದೆ. ಫಿಲ್ಟರ್ ಬ್ಲಾಬ್ ನನ್ ಎಂಬ ಆಯ್ಕೆಯಲ್ಲಿ ಇತಿಹಾಸ ಬರುತ್ತದೆ, ಹಳೆಯ ಫೈಲ್‌ಗಳ ಒಡಲು ಬೇಕಾದಾಗ ಮಾತ್ರ ಇಳಿಯುತ್ತದೆ. ಈ ಕೆಲಸಕ್ಕೆ ಅದೇ ಲೇಸು.

ಪುಶ್ ಮಾಡುವಾಗ (ಬದಲಾವಣೆಯನ್ನು ಗಿಟ್‌ಹಬ್‌ಗೆ ಏರಿಸುವಾಗ) ಗಿಟ್‌ಹಬ್ ಪಾಸ್‌ವರ್ಡ್ ಕೊಟ್ಟರೆ ನಡೆಯುವುದಿಲ್ಲ. 2021ರ ಆಗಸ್ಟ್ 13ರಿಂದ ಅದು ಬಂದ್. ಪರ್ಸನಲ್ ಆಕ್ಸೆಸ್ ಟೋಕನ್ ಅಥವಾ ಎಸ್‌ಎಸ್‌ಎಚ್ ಕೀ ಬೇಕು. ಅದಕ್ಕೆ ಮೊದಲಿನ ವಿಡಿಯೋ ನೋಡಿ ಕಲಿಯುವವರು ಇಲ್ಲೇ ಅರ್ಧ ದಿನ ಕಳೆಯುತ್ತಾರೆ.

ಮೇನ್ ಬ್ರಾಂಚಿನಲ್ಲೇ ತಿದ್ದಬೇಡಿ, ಹೊಸ ಬ್ರಾಂಚ್ ಮಾಡಿ. ಪುಲ್ ರಿಕ್ವೆಸ್ಟ್ ಎನ್ನುವುದು ಒಂದು ಬ್ರಾಂಚಿಗೆ ಕಟ್ಟಿಕೊಂಡಿರುತ್ತದೆ. ಮೇನ್‌ನಿಂದಲೇ ಕಳಿಸಿದರೆ ಮರುದಿನ ನೀವು ಮಾಡಿದ ಬೇರೆಯದೇ ಕಮಿಟ್ ಕೂಡ ಅದರೊಳಗೆ ಹೋಗಿ ಸೇರುತ್ತದೆ.

ಈಗ ಪರಿಶೀಲಿಸುವವರನ್ನು ಅತಿಹೆಚ್ಚು ಕಾಡುವ ವಿಷಯ. ನೀವು ತಿದ್ದಿದ್ದು ಒಂದು ಪದ, ಅವರಿಗೆ ಕಾಣುವುದು 400 ಸಾಲು ಕೆಂಪು, 400 ಸಾಲು ಹಸಿರು. ಕಾರಣ ಬಹಳ ಸಲ ವಿಂಡೋಸ್ ಎಡಿಟರ್. ಲಿನಕ್ಸ್‌ನಲ್ಲಿ ಸಾಲು ಮುಗಿಯುವುದು ಒಂದು ಗುರುತಿನಿಂದ, ವಿಂಡೋಸ್‌ನಲ್ಲಿ ಎರಡರಿಂದ. ಎಡಿಟರ್ ಇಡೀ ಫೈಲಿನ ಸಾಲಿನ ಕೊನೆಗಳನ್ನು ಸದ್ದಿಲ್ಲದೆ ಬದಲಿಸಿರುತ್ತದೆ. ವಿಂಡೋಸ್‌ನಲ್ಲಿ ಕೋರ್ ಡಾಟ್ ಆಟೋಸಿಆರ್‌ಎಲ್‌ಎಫ್ ಅನ್ನು ಟ್ರೂ ಮಾಡಿಟ್ಟುಕೊಂಡರೆ ಇದು ತಪ್ಪುತ್ತದೆ. ಎರಡನೆಯ ಕಾರಣ, ಸೇವ್ ಮಾಡುವಾಗ ಸಾಲಿನ ಕೊನೆಯ ಖಾಲಿ ಜಾಗ ಕತ್ತರಿಸುವ ಎಡಿಟರ್ ಸೆಟ್ಟಿಂಗ್. ಕೋಡ್‌ನಲ್ಲಿ ಅದು ಒಳ್ಳೆಯದೇ. ಡಾಕ್ಸ್ ಬರೆಯುವ ಸರಳ ಗುರುತುಗಳ ಭಾಷೆ ಮಾರ್ಕ್‌ಡೌನ್‌ನಲ್ಲಿ ಸಾಲಿನ ಕೊನೆಯ ಎರಡು ಸ್ಪೇಸ್ ಎಂದರೆ "ಇಲ್ಲಿ ಸಾಲು ಮುರಿ" ಎಂದರ್ಥ, ಕತ್ತರಿಸಿದರೆ ಪುಟದ ರೂಪವೇ ಬದಲಾಗುತ್ತದೆ. ಮೂರನೆಯದು ನಿಮ್ಮದೇ ಅಚ್ಚುಕಟ್ಟುತನ: ಒಂದು ಪದ ಸೇರಿಸಿದ್ದಕ್ಕೆ ಪ್ಯಾರಾದ ಸಾಲುಗಳನ್ನೆಲ್ಲ ಹೊಸದಾಗಿ ಹೊಂದಿಸುವುದು. ಬಿಡಿ, ಒಂದು ಸಾಲು ಗಿಡ್ಡವಾಗಿಯೇ ಇರಲಿ. ಕಮಿಟ್‌ಗೆ ಮೊದಲು ಗಿಟ್ ಡಿಫ್ ಮುಂದೆ ಸ್ಟ್ಯಾಟ್ ಹಾಕಿ ನೋಡಿ. ಸಂಖ್ಯೆ ನೀವು ಅಂದುಕೊಂಡಿದ್ದಕ್ಕಿಂತ ದೊಡ್ಡದಿದ್ದರೆ ನಿಲ್ಲಿಸಿ.

ತಲೆಬರಹದ ಪದ ಬದಲಿಸುವ ಆಸೆ ಬಂದರೆ ತಡೆಯಿರಿ. ತಲೆಬರಹದಿಂದಲೇ ಪುಟದೊಳಗಿನ ಕೊಂಡಿಯ ವಿಳಾಸ ಹುಟ್ಟುತ್ತದೆ, ಹೊರಗಿನ ನೂರಾರು ಕಡೆಗಳಿಂದ ಆ ವಿಳಾಸಕ್ಕೆ ಕೊಂಡಿ ಇರಬಹುದು.

ಮಾರ್ಕ್‌ಡೌನ್ ಗೊತ್ತಿದ್ದವರು ಅಂಥದೇ ಇನ್ನೊಂದು ಭಾಷೆ ರೀಸ್ಟ್ರಕ್ಚರ್ಡ್ ಟೆಕ್ಸ್ಟ್‌ಗೆ ಬಂದಾಗ ಎಡವುವುದು ಇಲ್ಲಿ: ಕೋಡ್‌ಗೆ ಒಂದರ ಬದಲು ಎರಡು ಬ್ಯಾಕ್‌ಟಿಕ್, ತಲೆಬರಹದ ಕೆಳಗಿನ ಗೆರೆ ಕನಿಷ್ಠ ತಲೆಬರಹದಷ್ಟು ಉದ್ದ, ಕೋಡ್ ತುಣುಕಿನ ಮೊದಲು ಒಂದು ಖಾಲಿ ಸಾಲು. ಅದರಿಂದ ಪುಟ ತಯಾರಿಸುವ ಸ್ಫಿಂಕ್ಸ್ ಇಂಥ ಹಲವು ತಪ್ಪುಗಳಿಗೆ ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ. ಆದರೆ ಹಲವು ಪ್ರಾಜೆಕ್ಟ್‌ಗಳ ಸ್ವಯಂ ಪರೀಕ್ಷೆಯಲ್ಲಿ ವಾರ್ನಿಂಗನ್ನೇ ಎರರ್ ಎಂದು ಎಣಿಸುವ ಮೈನಸ್ ದೊಡ್ಡ ಡಬ್ಲ್ಯು ಆಯ್ಕೆ ಇರುತ್ತದೆ. ನಿಮ್ಮ ಯಂತ್ರದಲ್ಲಿ ಸರಿ ಇದ್ದದ್ದು ಅಲ್ಲಿ ಕೆಂಪಾಗುವುದು ಇದರಿಂದ. ಡಾಕ್ಸ್ ಫೋಲ್ಡರಿನಲ್ಲಿ ಮೇಕ್ ಎಚ್‌ಟಿಎಂಎಲ್ ಹೊಡೆದು, ಬಂದ ವಾರ್ನಿಂಗ್ ಓದಿ, ಪುಟವನ್ನು ಬ್ರೌಸರಿನಲ್ಲಿ ಕಣ್ಣಾರೆ ನೋಡಿ ಕಳಿಸಿ. ಪುಟ ತಯಾರಿಸಲು ಹ್ಯೂಗೊ ಎಂಬ ಇನ್ನೊಂದು ಸಾಧನ ಬಳಸುವ ಪ್ರಾಜೆಕ್ಟ್ ಆದರೆ ಲೋಕಲ್‌ಹೋಸ್ಟ್‌ನ 1313ನೇ ಪೋರ್ಟ್‌ನಲ್ಲಿ ಕಾಣುತ್ತದೆ. ಥೀಮ್ ಸಬ್‌ಮಾಡ್ಯೂಲ್ (ಒಳಗೆ ಜೋಡಿಸಿದ ಬೇರೆ ರೆಪೊ) ಆಗಿದ್ದು ನೀವು ಅದನ್ನು ಇಳಿಸಿರದಿದ್ದರೆ ಎರರ್ ಇಲ್ಲವೇ ಬೋಳು ಪುಟ ಕಾಣುತ್ತದೆ.

ಹೆಜ್ಜೆಗಳನ್ನು ಬರೆಯುವಾಗ ಒಂದು ಹೆಜ್ಜೆಗೆ ಒಂದೇ ಕೆಲಸ, ಆಮೇಲೆ ತೆರೆಯ ಮೇಲೆ ಏನು ಕಾಣಬೇಕು ಎಂಬ ಒಂದು ಸಾಲು. ಎಲ್ಲಿ ಹೊಡೆಯಬೇಕು ಎಂದು ಹೇಳಿ. ಪಿಪ್ ಇನ್‌ಸ್ಟಾಲ್ ಅನ್ನು ಪೈಥಾನ್‌ನ ಮೂರು ಬಾಣದ ಗುರುತಿನ ಮುಂದೆ ಹೊಡೆದು "ಸಿಂಟ್ಯಾಕ್ಸ್ ಎರರ್" ಪಡೆದವರು ಲೆಕ್ಕವಿಲ್ಲ. ಆಜ್ಞೆಯ ಮುಂದೆ ಡಾಲರ್ ಗುರುತು ಹಾಕಿದರೆ ಅದನ್ನೂ ಸೇರಿಸಿ ಕಾಪಿ ಮಾಡುತ್ತಾರೆ, "ಕಮಾಂಡ್ ನಾಟ್ ಫೌಂಡ್" ಬರುತ್ತದೆ. ಫಲಿತಾಂಶ ತೋರಿಸದ ಕಡೆ ಡಾಲರ್ ಬೇಡ. "ಜಸ್ಟ್", "ಸಿಂಪ್ಲಿ" ಎಂಬ ಪದಗಳನ್ನು ಕಂಡಲ್ಲಿ ಅಳಿಸಿ. ಸಿಕ್ಕಿಕೊಂಡವರಿಗೆ ಅವು ಬೈದಂತೆ ಕೇಳುತ್ತವೆ.

ಪುಲ್ ರಿಕ್ವೆಸ್ಟ್‌ನ ವಿವರಣೆ ನಾಲ್ಕೈದು ಸಾಲು ಸಾಕು. "ಇನ್‌ಸ್ಟಾಲ್ ಪುಟದ ಆಜ್ಞೆ ಉಬುಂಟು 24.04ರಲ್ಲಿ ಈ ಎರರ್ ಕೊಡುತ್ತದೆ. ವಿಎನ್‌ವಿ ಹೆಜ್ಜೆ ಸೇರಿಸಿದ್ದೇನೆ. ಹೊಸದಾಗಿ ಹಾಕಿದ ಉಬುಂಟು 24.04 ಮತ್ತು ವಿಂಡೋಸ್ 11ರಲ್ಲಿ ಹೊಡೆದು ನೋಡಿದ್ದೇನೆ. ಮ್ಯಾಕ್‌ನಲ್ಲಿ ನೋಡಿಲ್ಲ." ಕೊನೆಯ ಸಾಲು ಬಹಳ ಬೆಲೆಯುಳ್ಳದ್ದು. ನೋಡದ್ದನ್ನು ನೋಡಿಲ್ಲ ಎಂದು ಹೇಳಿದರೆ, ಪರಿಶೀಲಿಸುವವರು ಅಷ್ಟನ್ನೇ ನೋಡಿ ಮುಗಿಸುತ್ತಾರೆ.

ಕಳಿಸಿದ ಮೇಲೆ "ವರ್ಕ್‌ಫ್ಲೋ ಅವೇಟಿಂಗ್ ಅಪ್ರೂವಲ್" ಎಂದು ಕಂಡರೆ ಗಾಬರಿ ಬೇಡ. ಮೊದಲ ಸಲ ಕಳಿಸುವವರ ಪರೀಕ್ಷೆಗಳು ಮೇಂಟೇನರ್ ಒಪ್ಪುವವರೆಗೆ ಓಡುವುದಿಲ್ಲ. ಬದಲಾವಣೆ ಕೇಳಿದರೆ ಅದೇ ಬ್ರಾಂಚಿಗೆ ಮತ್ತೆ ಪುಶ್ ಮಾಡಿ. ಹಳೆಯದನ್ನು ಮುಚ್ಚಿ ಹೊಸದು ತೆರೆದರೆ ಆವರೆಗಿನ ಚರ್ಚೆ ಕೈಬಿಟ್ಟುಹೋಗುತ್ತದೆ. ರೀಬೇಸ್ ಮಾಡಿದ್ದರೆ ಬರಿಯ ಫೋರ್ಸ್ ಬೇಡ, ಫೋರ್ಸ್ ವಿತ್ ಲೀಸ್ ಬಳಸಿ. ಎರಡು ವಾರ ಸದ್ದಿಲ್ಲದಿದ್ದರೆ ಒಂದು ಸಾಲಿನ ನೆನಪೋಲೆ ಹಾಕಬಹುದು.

ಕಾಲೇಜಿನಲ್ಲಿ ಸೇರಿ ಮಾಡುವವರಿಗೆ ಒಂದು ಮಾತು. ಒಂದು ಭಾನುವಾರ ಮೂವತ್ತು ಜನ ಕೂತು ಮೂವತ್ತು ಪುಲ್ ರಿಕ್ವೆಸ್ಟ್ ಕಳಿಸಿದರೆ ಅದು 2020ರ ಅಕ್ಟೋಬರ್‌ನ ಸಣ್ಣ ಆವೃತ್ತಿ. ಒಂದೇ ಪ್ರಾಜೆಕ್ಟ್ ಆರಿಸಿ, ನೀವೇ ಬಳಸುವಂಥದ್ದು. ಹೊರಗಿನವರ ಡಾಕ್ಸ್ ಬದಲಾವಣೆ ಅಲ್ಲಿ ಇತ್ತೀಚಿನ ತಿಂಗಳುಗಳಲ್ಲಿ ಮರ್ಜ್ ಆಗಿದೆಯೇ (ಸೇರಿಕೊಂಡಿದೆಯೇ) ನೋಡಿ; ಆಗಿಲ್ಲದಿದ್ದರೆ ಬೇರೆ ಪ್ರಾಜೆಕ್ಟ್ ಹುಡುಕಿ. ಇಬ್ಬಿಬ್ಬರ ಜೋಡಿ ಮಾಡಿ: ಒಬ್ಬರು ಪುಟವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೇಳಿದ್ದನ್ನು ಮಾತ್ರ ಹೊಡೆಯಬೇಕು, ಗೊತ್ತಿದ್ದರೂ ತಾವಾಗಿ ಏನೂ ಸೇರಿಸಬಾರದು. ಜೋಡಿಯಲ್ಲಿ ಒಬ್ಬರು ಬೇರೆ ವಿಭಾಗದವರಾದರೆ ಇನ್ನೂ ಚೊಲೊ. ಸಿಕ್ಕ ತೊಡಕುಗಳನ್ನು ಒಂದು ಹಾಳೆಗೆ ಇಳಿಸಿ, ಒಂದೇ ಆಗಿರುವುದನ್ನು ಕೂಡಿಸಿ, ಒಂದು ಇಶ್ಯೂನಲ್ಲಿ ಮೇಂಟೇನರ್‌ಗೆ ಹೇಳಿ ಯಾವುದು ಬೇಕೆಂದು ಕೇಳಿ. ಆ ದಿನದ ಕೊನೆಗೆ ಎರಡು ಪುಲ್ ರಿಕ್ವೆಸ್ಟ್ ಹೋದರೆ ಅದು ಒಳ್ಳೆಯ ದಿನ.

ಸಭೆಯ ಪ್ರಶ್ನೆಗಳು

"ಸರ, ನಾ ಕನ್ನಡ ಮೀಡಿಯಂದಾಗ ಕಲತಾಂವ. ಇಂಗ್ಲಿಷ್ ಅಷ್ಟೇನು ಚೊಲೊ ಇಲ್ಲ. ಬರದು ಕಳಿಸಿದ್ರ ನಗಂಗಿಲ್ಲೇನ್ರೀ?"

ಡಾಕ್ಸ್‌ನ ಇಂಗ್ಲಿಷ್ ಬೇರೆ, ಪ್ರಬಂಧದ ಇಂಗ್ಲಿಷ್ ಬೇರೆ. "ಫೈಲ್ ತೆರೆಯಿರಿ. ಮೂರನೆಯ ಸಾಲು ಅಳಿಸಿ. ಸೇವ್ ಮಾಡಿ." ಇಂಥ ಗಿಡ್ಡ ವಾಕ್ಯ ಬರೆಯಲು ಬಂದರೆ ಸಾಕು. ಓದುವವರಲ್ಲಿಯೂ ಇಂಗ್ಲಿಷ್ ತಾಯ್ನುಡಿಯಲ್ಲದವರು ಬಹಳ, ಅವರಿಗೆ ಗಿಡ್ಡ ವಾಕ್ಯವೇ ಅನುಕೂಲ. ಅದೂ ಅಳುಕಾದರೆ ಪುಲ್ ರಿಕ್ವೆಸ್ಟ್ ಬಿಟ್ಟು ಇಶ್ಯೂ ತೆರೆಯಿರಿ: ಹೊಡೆದ ಆಜ್ಞೆ, ಬಂದ ಎರರ್, ಸಿಸ್ಟಂ ಆವೃತ್ತಿ. ಅದರಲ್ಲಿ ಇಂಗ್ಲಿಷ್ ವಾಕ್ಯವೇ ಎರಡು ಮೂರು.

"ಸ್ಪೆಲ್ಲಿಂಗ್ ತಿದ್ದಿದ್ರ ಸಾಕಾಗತೈತೇನ್ರೀ?"

ಗಿಟ್ ಕಲಿಯಲು ಒಂದು ಸಲ ಆದೀತು. ಒಂದೊಂದು ಕಾಗುಣಿತಕ್ಕೆ ಒಂದೊಂದು ಪುಲ್ ರಿಕ್ವೆಸ್ಟ್ ಬೇಡ. ಆ ಪುಟವನ್ನು ಪೂರ್ತಿ ಓದಿ ಸಿಕ್ಕಿದ್ದೆಲ್ಲ ಒಂದರಲ್ಲಿ ಕಳಿಸಿ. ಕೋಡ್‌ನೊಳಗಿನ ಹೆಸರುಗಳ ಸ್ಪೆಲ್ಲಿಂಗ್ ಮಾತ್ರ ಮುಟ್ಟಬೇಡಿ. ಎಚ್‌ಟಿಟಿಪಿಯಲ್ಲಿ "ರೆಫರರ್" ಎಂಬ ಹೆಡರ್‌ನ ಇಂಗ್ಲಿಷ್ ಸ್ಪೆಲ್ಲಿಂಗ್ ಮೊದಲಿನಿಂದಲೂ ತಪ್ಪು, ಒಂದು ಆರ್ ಕಡಿಮೆ. ಅದನ್ನು "ತಿದ್ದಿದರೆ" ಡಾಕ್ಸ್ ಸುಳ್ಳಾಗುತ್ತದೆ.

"ಕನ್ನಡದಾಗ ಡಾಕ್ಸ್ ಮಾಡಬೇಕಂದ್ರ ಎಲ್ಲಿಂದ ಹಿಡೀಬೇಕ್ರೀ?"

ಕೈಪಿಡಿಯಿಂದ ಹಿಡಿಯಬೇಡಿ, ಮೆನುಗಳಿಂದ ಹಿಡಿಯಿರಿ. ಕೈಪಿಡಿಯಲ್ಲಿ "ಕಡತ ಮೆನು ಒತ್ತಿ" ಎಂದು ಬರೆದು, ತೆರೆಯ ಮೇಲೆ "ಫೈಲ್" ಎಂದಿದ್ದರೆ ಓದುವವರು ಕಳೆದುಹೋಗುತ್ತಾರೆ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ಗ್ನೋಮ್, ಕೆಡಿಇ ಎಲ್ಲಕ್ಕೂ ಕನ್ನಡ ಅನುವಾದದ ಕೆಲಸ ನಡೆದಿದೆ. ಅನುವಾದಕ್ಕೆ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರು ಪಾಂಟೂನ್ ಎಂಬ ತಾಣ ಬಳಸುತ್ತಾರೆ, ಲಿಬ್ರೆ ಆಫೀಸ್‌ನವರು ವೆಬ್ಲೇಟ್. ಅಂಥ ವ್ಯವಸ್ಥೆ ಇರುವ ಕಡೆ ಅನುವಾದದ ಫೈಲ್‌ಗಳನ್ನು ನೇರವಾಗಿ ಗಿಟ್‌ನಲ್ಲಿ ತಿದ್ದಿ ಕಳಿಸಬೇಡಿ, ಎರಡು ಕಡೆಯ ಬದಲಾವಣೆ ಡಿಕ್ಕಿಯಾಗುತ್ತದೆ.

ಅನುವಾದದ ಸಾಲುಗಳಿರುವ ಪಿಓ ಫೈಲ್‌ಗಳಲ್ಲಿ ಶೇಕಡಾ ಗುರುತಿನ ಜೊತೆ ಎಸ್ ಇರುವ ಜಾಗಕ್ಕೆ ಫೈಲಿನ ಹೆಸರೋ ಸಂಖ್ಯೆಯೋ ಬಂದು ಕೂರುತ್ತದೆ. "ಇದನ್ನು ಅಲ್ಲಿಗೆ ನಕಲಿಸು" ಎಂಬ ಎರಡು ಜಾಗದ ವಾಕ್ಯದಲ್ಲಿ ಕನ್ನಡದ ಪದಕ್ರಮ ತಿರುಗುಮುರುಗಾದರೆ, ಪ್ರೋಗ್ರಾಂ ಹೆಸರುಗಳನ್ನೂ ತಿರುಗಿಸಿ ಕೂರಿಸುತ್ತದೆ. ಹಾಗಾಗದಂತೆ ಜಾಗಗಳಿಗೆ 1, 2 ಎಂದು ಸಂಖ್ಯೆ ಕೊಡುವ ಪದ್ಧತಿ ಇದೆ, ಅದನ್ನು ಬಳಸಿ. ವಿಭಕ್ತಿಯೂ ಕಾಡುತ್ತದೆ: ಬರುವ ಹೆಸರು ಏನೆಂದು ಗೊತ್ತಿಲ್ಲದಾಗ "ಗೆ" ಹಚ್ಚಬೇಕೋ "ಕ್ಕೆ" ಹಚ್ಚಬೇಕೋ? "ಎಂಬಲ್ಲಿಗೆ", "ಎಂಬ ಕಡತವನ್ನು" ಎಂದು ಬರೆದರೆ ಯಾವ ಹೆಸರಿಗೂ ಹೊಂದುತ್ತದೆ. ಫಜ್ಜಿ ಎಂದು ಗುರುತಾದ ಸಾಲು ತೆರೆಯ ಮೇಲೆ ಬರುವುದಿಲ್ಲ. ಮೂಲ ಇಂಗ್ಲಿಷ್ ಬದಲಾಗಿದೆ, ಮತ್ತೆ ನೋಡಿ ಎಂದು ಅದರರ್ಥ. ನೋಡಿ ಸರಿಪಡಿಸಿದ ಮೇಲೆ ಆ ಗುರುತು ತೆಗೆಯಬೇಕು.

ಟೈಪಿಂಗ್ ಬಗ್ಗೆ: ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಹೊಡೆದದ್ದನ್ನು ಅಂಟಿಸಿದರೆ ಅಲ್ಲಿ ಇಂಗ್ಲಿಷ್ ಅಕ್ಷರಗಳ ಗೊಂದಲ ಕಾಣುತ್ತದೆ, ಯೂನಿಕೋಡ್‌ಗೆ ಪರಿವರ್ತಿಸಿಯೇ ಹಾಕಿ. ಯೂನಿಕೋಡ್‌ನಲ್ಲೂ ಒಂದು ಒಳಸುಳಿ ಇದೆ. "ಕೊ" ಎಂಬುದನ್ನು ಒಂದೇ ಸ್ವರಚಿಹ್ನೆಯಾಗಿಯೂ ಎರಡು ಚಿಹ್ನೆಗಳ ಜೋಡಿಯಾಗಿಯೂ ಸಂಗ್ರಹಿಸಬಹುದು. ಕಣ್ಣಿಗೆ ಒಂದೇ, ಸರಳ ಹುಡುಕಾಟಕ್ಕೆ ಬೇರೆ ಬೇರೆ. "ಸಾಫ್ಟ್‌ವೇರ್" ಪದದ ನಡುವೆ ಕಾಣದೆ ಕೂತಿರುವ ಜೋಡಣೆ ತಡೆಯುವ ಗುರುತಿನದೂ ಇದೇ ಕಥೆ. ತಂಡದಲ್ಲಿ ಎಲ್ಲರೂ ಒಂದೇ ರೀತಿ ಹೊಡೆಯುವುದೆಂದು ಮೊದಲೇ ಗೊತ್ತು ಮಾಡಿಕೊಂಡು, ಸೇರಿಸುವ ಮುನ್ನ ಫೈಲನ್ನು ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ತನ್ನಿ. ಎನ್‌ಎಫ್‌ಸಿ ಮೊದಲಿನದನ್ನು ಸರಿಪಡಿಸುತ್ತದೆ, ಎರಡನೆಯದನ್ನು ಮುಟ್ಟುವುದಿಲ್ಲ. ಅದನ್ನು ಕೈಯಿಂದಲೇ ನೋಡಬೇಕು. ಇನ್ನು ಪಿಡಿಎಫ್. ಸ್ಫಿಂಕ್ಸ್ ಮೊದಲಿಗೆ ಬಳಸುವ ಪಿಡಿಎಫ್‌ಲಾಟೆಕ್‌ಗೆ ಕನ್ನಡ ಅಕ್ಷರ ಜೋಡಿಸಲು ಬರುವುದಿಲ್ಲ. ಕಾನ್ಫ್ ಡಾಟ್ ಪಿವೈ ಫೈಲಿನಲ್ಲಿ ಲಾಟೆಕ್ ಎಂಜಿನ್ ಅನ್ನು ಝೀಲಾಟೆಕ್ ಎಂದು ಬದಲಿಸಿ, ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಹೆಸರು ಕೊಟ್ಟು, ಬಂದ ಪಿಡಿಎಫ್‌ನಲ್ಲಿ ಒತ್ತಕ್ಷರಗಳು ಜಾಗಕ್ಕೆ ಕೂತಿವೆಯೇ ಎಂದು ಪುಟ ಪುಟವಾಗಿ ನೋಡಿ.